ತೋಸಫೋತ್: ಟಿಪ್ಪಣಿಯೋ, ವಾರ್ತಿಕವೋ?

ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಕುರಿತ ಲೇಖನವೊಂದಕ್ಕೆ ‘ತೋಸಫೋತ್’ ಎಂಬ ಹೀಬ್ರೂ ಹೆಸರಿಗೆ ಹೊಂದುವ ಕನ್ನಡ ಪದ ಬೇಕಾಗಿದೆ. ಅಕ್ಷರಶಃ ‘ಸೇರ್ಪಡೆಗಳು’. ಆದರೆ ‘ಅನುಬಂಧ’ ಎಂದರೆ ಪುಸ್ತಕದ ಕೊನೆಗೆ ಅಂಟಿಸಿದ್ದು ಅನ್ನಿಸುತ್ತದೆ. ಇದು ಅಂಥದ್ದಲ್ಲ, ತಾಲ್ಮುಡ್‌ನ ಒಂದು ವ್ಯಾಖ್ಯಾನದ ಮೇಲೆ ಬೆಳೆದ ಚರ್ಚೆ.

ಫ್ರಾನ್ಸಿನ ತ್ರುವಾ ಊರಿನ ರಬ್ಬಿ ಶ್ಲೋಮೋ ಯಿತ್ಸ್‌ಹಾಕಿ (1040–1105) ಹೆಸರಿನ ಮೊದಲಕ್ಷರಗಳಿಂದ ‘ರಾಶಿ’ ಎಂದೇ ಪ್ರಸಿದ್ಧರು. ಬ್ಯಾಬಿಲೋನಿನ ತಾಲ್ಮುಡ್‌ನ ಬಹುಭಾಗಕ್ಕೆ ಅವರು ಬರೆದ ವಿವರಣೆ ತುಂಬ ಅಡಕವಾದದ್ದು. ಕಠಿಣ ಪದ ಬಂದರೆ ತಮ್ಮೂರಿನ ಫ್ರೆಂಚ್ ಮಾತನ್ನೇ ಹೀಬ್ರೂ ಲಿಪಿಯಲ್ಲಿ ಬರೆದು ಅರ್ಥ ಹೇಳಿಬಿಡುತ್ತಾರೆ. ಮಧ್ವಾಚಾರ್ಯರ ಗ್ರಂಥಗಳಿಗೆ ವಿವರಣೆ ಬರೆದ ಜಯತೀರ್ಥರನ್ನು ‘ಟೀಕಾಚಾರ್ಯ’ ಎನ್ನುವ ಅರ್ಥದಲ್ಲಿ ಇದು ಅಪ್ಪಟ ಟೀಕೆ. ಆದರೆ ಈಗ ‘ತಾಲ್ಮುಡ್‌ಗೆ ರಾಶಿಯವರ ಟೀಕೆ’ ಎಂದು ಬರೆದರೆ ಅವರು ತಾಲ್ಮುಡನ್ನು ಖಂಡಿಸಿದರು ಎಂದೇ ಓದಿಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ‘ವ್ಯಾಖ್ಯಾನ’ವೇ ಇರಲಿ.

ತೊಡಕಿರುವುದು ಮುಂದಿನ ತಲೆಮಾರಿನಲ್ಲಿ. ರಾಶಿಯ ಮೊಮ್ಮಕ್ಕಳಾದ ರಶ್ಬಾಮ್, ರಬ್ಬೇನು ತಾಮ್ ಮತ್ತು ಅವರ ಶಿಷ್ಯಪರಂಪರೆ 12–13ನೇ ಶತಮಾನಗಳಲ್ಲಿ ಫ್ರಾನ್ಸ್, ಜರ್ಮನಿಗಳಲ್ಲಿ ಬೆಳೆಸಿದ್ದೇ ತೋಸಫೋತ್. ‘ಕುಂತ್ರೇಸ್‌ನಲ್ಲಿ (ಅಂದರೆ ರಾಶಿಯ ವ್ಯಾಖ್ಯಾನದಲ್ಲಿ) ಹೀಗೆ ವಿವರಿಸಿದೆ’ ಎಂದು ಮೊದಲು ಅವರ ಮಾತನ್ನು ಎತ್ತಿಕೊಳ್ಳುತ್ತಾರೆ, ತಾಲ್ಮುಡ್‌ನ ಇನ್ನೊಂದು ಕಡೆಯಿಂದ ಅದಕ್ಕೆ ವಿರುದ್ಧವಾದ ವಾಕ್ಯ ತಂದು ಆಕ್ಷೇಪಿಸುತ್ತಾರೆ, ಆಮೇಲೆ ಸಮಾಧಾನ ಹೇಳುತ್ತಾರೆ. ತಾತನೆಂಬ ದಾಕ್ಷಿಣ್ಯವಿಲ್ಲ. ಪ್ರಾರ್ಥನೆಯಲ್ಲಿ ಕಟ್ಟಿಕೊಳ್ಳುವ ತೆಫಿಲ್ಲಿನ್ ಪೆಟ್ಟಿಗೆಯೊಳಗಿನ ವಾಕ್ಯಗಳ ಕ್ರಮದಲ್ಲೂ ರಬ್ಬೇನು ತಾಮ್ ಬೇರೆ ಅಭಿಪ್ರಾಯ ಕೊಟ್ಟರು. ಇಂದಿಗೂ ಕೆಲವರು ಎರಡೂ ಬಗೆಯ ಜೋಡಿಗಳನ್ನು ಧರಿಸುತ್ತಾರೆ.

ಜಯತೀರ್ಥರ ಟೀಕೆಯ ಮೇಲೆ ವ್ಯಾಸತೀರ್ಥರು ಬರೆದ ‘ತಾತ್ಪರ್ಯಚಂದ್ರಿಕಾ’ವನ್ನು ಟಿಪ್ಪಣಿ ಎನ್ನುವ ಸಂಪ್ರದಾಯ ಹಿಡಿದರೆ ತೋಸಫೋತ್ ಕೂಡ ಟಿಪ್ಪಣಿಯೇ. 1520ರ ದಶಕದಲ್ಲಿ ವೆನಿಸ್ಸಿನ ಬೊಂಬೆರ್ಗ್ ಮುದ್ರಣದಿಂದ ರೂಢಿಯಾದ ಪುಟದಲ್ಲೂ ಮೂಲ ನಡುವೆ, ರಾಶಿ ಒಳಬದಿಗೆ, ತೋಸಫೋತ್ ಹೊರಬದಿಗೆ. ಆದರೆ ಇಂದಿನ ಓದುಗರಿಗೆ ಟಿಪ್ಪಣಿಯೆಂದರೆ ಅಂಚಿನಲ್ಲಿ ಗೀಚಿದ ಚಿಕ್ಕ ಮಾತು.

ನನ್ನ ಒಲವು ‘ವಾರ್ತಿಕ’ದ ಕಡೆಗೆ. ಉಕ್ತ (ಹೇಳಿದ್ದು), ಅನುಕ್ತ (ಹೇಳದೆ ಬಿಟ್ಟದ್ದು), ದುರುಕ್ತ (ತಪ್ಪಾಗಿ ಹೇಳಿದ್ದು) ಮೂರನ್ನೂ ವಿಚಾರಿಸುವುದು ವಾರ್ತಿಕ ಎಂಬ ಹಳೆಯ ಲಕ್ಷಣ ಇದಕ್ಕೆ ಚೆನ್ನಾಗಿ ಕೂರುತ್ತದೆ. ಅಡ್ಡಿ ಒಂದೇ: ‘ವಾರ್ತಿಕಕಾರ’ ಎಂದೊಡನೆ ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಬರೆದ ಕಾತ್ಯಾಯನರೋ ಶಂಕರರ ಶಿಷ್ಯ ಸುರೇಶ್ವರರೋ, ಒಬ್ಬ ವ್ಯಕ್ತಿ ನೆನಪಾಗುತ್ತಾರೆ, ಇಲ್ಲಿರುವುದು ಹಲವು ಕೈಗಳ ಕೆಲಸ. ಬಹುಕರ್ತೃಕ ಕೃತಿಯನ್ನು ವಾರ್ತಿಕವೆಂದು ಕರೆದ ಪ್ರಯೋಗ ಯಾರಿಗಾದರೂ ಸಿಕ್ಕಿದೆಯೇ?