‘ಗ್ರೌಂಡ್ ಎಫೆಕ್ಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಸ್ನೇಹಿತರೇ, ನಮಸ್ಕಾರ.

1970ರ ದಶಕದ ಗ್ರ್ಯಾನ್ ಪ್ರೀ ಕಾರು ಓಟದ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಚಾಲಕರಾದ ಸ್ಟೀವರ್ಟ್, ಲೌಡಾ, ಹಂಟ್, ಆರು ಚಕ್ರದ ಟೈರೆಲ್ ಕಾರು, 1977ರಲ್ಲಿ ರೆನೋ ತಂದ ಟರ್ಬೊ ಎಂಜಿನ್, ಇವೆಲ್ಲ ಸಲೀಸಾಗಿ ಬಂದವು. ‘ಗ್ರೌಂಡ್ ಎಫೆಕ್ಟ್’ ಬಂದೊಡನೆ ಲೇಖನಿ ನಿಂತಿತು. ದಶಕದ ಕೊನೆಯ ಮೂರು ವರ್ಷಗಳ ಕಥೆ ಅದರ ಸುತ್ತಲೇ ನಡೆಯುವುದರಿಂದ ಬಿಟ್ಟು ಮುಂದೆ ಹೋಗುವಂತಿಲ್ಲ.

ಅದುವರೆಗೆ ಕಾರಿನ ಮೇಲೆ ತಲೆಕೆಳಗಾದ ರೆಕ್ಕೆ ಕಟ್ಟಿ, ಗಾಳಿಯ ಬಲದಿಂದ ಕಾರನ್ನು ರಸ್ತೆಗೆ ಒತ್ತುತ್ತಿದ್ದರು. 1977ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ತಂಡ, ಲೋಟಸ್ 78 ಕಾರಿನ ಪಕ್ಕೆಗಳ ಅಡಿಭಾಗಕ್ಕೇ ಅಂಥ ರೆಕ್ಕೆಯ ಆಕಾರ ಕೊಟ್ಟಿತು. ತಳಕ್ಕೂ ರಸ್ತೆಗೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಕಾರು ನೆಲಕ್ಕೆ ಅಂಟುತ್ತದೆ. ಇದೇ ‘ಗ್ರೌಂಡ್ ಎಫೆಕ್ಟ್’. ಕಾರು ರಸ್ತೆಗೆ ಬಳಿದುಬಿಟ್ಟಂತಿದೆ ಎಂದರಂತೆ ಆ ತಂಡದ ಚಾಲಕ ಮಾರಿಯೊ ಆಂಡ್ರೆಟ್ಟಿ. ಮರುವರ್ಷ ಲೋಟಸ್ 79ರಲ್ಲಿ ಓಡಿ ಅವರೇ ವಿಶ್ವ ಚಾಂಪಿಯನ್ ಆದರು.

‘ನೆಲಪರಿಣಾಮ’ ಎಂದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ‘ನೆಲಸೆಳೆತ’ ಎಂದರೆ ಗುರುತ್ವಾಕರ್ಷಣೆ ಎಂದುಕೊಳ್ಳುತ್ತಾರೆ. ಮೊದಲ ಕರಡಿನಲ್ಲಿ ‘ಕಾರು ನೆಲಕಚ್ಚಿ ಓಡುತ್ತದೆ’ ಎಂದು ಬರೆದಿದ್ದೆ. ಮಗಳು ಓದಿ, ‘ಅಪ್ಪಾ, ಕಾರು ಸೋತುಹೋಯಿತೇ?’ ಎಂದು ಕೇಳಿದಳು. ಬೆಳೆ ನೆಲಕಚ್ಚುತ್ತದೆ, ಸಿನಿಮಾ ನೆಲಕಚ್ಚುತ್ತದೆ; ಗೆಲ್ಲುವ ಕಾರಿಗೆ ಆ ಮಾತು ಸಲ್ಲದು. ‘ಹಿಡಿತ’ ಒಳ್ಳೆಯ ಪದವೇ, ಆದರೆ ಅದು ಟೈರಿಗೆ ಬೇಕು.

ನನ್ನ ಒಲವು ‘ತಳಸೆಳೆತ’ದ ಕಡೆಗೆ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕದಲ್ಲೇ ಹಾದುಹೋದಾಗ ಸ್ಕೂಟರನ್ನು ಅದರ ಕಡೆಗೆ ಎಳೆದಂತಾಗುತ್ತದಲ್ಲ, ಆ ಅನುಭವಕ್ಕೆ ‘ಸೆಳೆತ’ ತಕ್ಕ ಮಾತು. ಕಾರನ್ನು ನಿಜವಾಗಿ ಒತ್ತುವುದು ಮೇಲಿನ ಗಾಳಿ ಎಂದು ಭೌತಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಎಳನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುವುದೂ ಹೊರಗಿನ ಗಾಳಿಯೇ. ಆದರೂ ನಾವು ‘ಹೀರುತ್ತೇವೆ’ ಎನ್ನುತ್ತೇವೆ. ರೆಕ್ಕೆಯದು ‘ಒತ್ತು’, ತಳದ್ದು ‘ಸೆಳೆತ’ ಎಂದು ಬೇರ್ಪಡಿಸಿಕೊಂಡರೆ ಮಕ್ಕಳಿಗೆ ಎರಡೂ ಸ್ಪಷ್ಟವಾಗುತ್ತವೆ. 1978ರ ಜೂನ್‌ನಲ್ಲಿ ಸ್ವೀಡನ್ನಿನ ಆಂಡರ್ಸ್‌ಟಾರ್ಪ್‌ನಲ್ಲಿ ಲೌಡಾ ಗೆದ್ದ ಬ್ರಾಬಮ್ ಕಾರಿಗೆ ಹಿಂದೆ ದೊಡ್ಡ ಫ್ಯಾನ್ ಇತ್ತು. ಅದು ತಳದ ಗಾಳಿಯನ್ನು ಹೊರಕ್ಕೆ ಎಳೆಯುತ್ತಿತ್ತು. ನಿಂತಲ್ಲೇ ಎಂಜಿನ್ನಿನ ವೇಗ ಏರಿಸಿದರೆ ಕಾರು ಕುಗ್ಗಿ ಕೂರುವುದು ಕಣ್ಣಿಗೆ ಕಾಣುತ್ತಿತ್ತು. ಆ ಒಂದೇ ಓಟದ ನಂತರ ಅದನ್ನು ಹಿಂತೆಗೆದುಕೊಂಡರು. ಅಲ್ಲಿಯೂ ‘ತಳಸೆಳೆತ’ ಹೊಂದುತ್ತದೆ.

ಇನ್ನೊಂದು ಪದ ‘ಸ್ಕರ್ಟ್’. ಲೋಟಸ್ ಕಾರಿನ ಮಾದರಿಯನ್ನು ಗಾಳಿ ಸುರಂಗದಲ್ಲಿ, ಅಂದರೆ ಜೋರಾಗಿ ಗಾಳಿ ಹಾಯಿಸುವ ಕೊಳವೆಯಲ್ಲಿ, ಪರೀಕ್ಷಿಸುವಾಗ ಅದರ ಪಕ್ಕೆಗಳು ಜೋತುಬಿದ್ದು ಅಳತೆಗಳು ಏರುಪೇರಾದವು. ನೆಲದ ಸಂದಿಯನ್ನು ರಟ್ಟಿನಿಂದ ಮುಚ್ಚಿ ನೋಡಿದಾಗ ಸೆಳೆತ ಒಮ್ಮೆಲೇ ಹೆಚ್ಚಿತು. ಅಲ್ಲಿಂದ ಬಂದದ್ದು ಕಾರಿನ ಪಕ್ಕದಲ್ಲಿ ನೆಲ ಸವರುತ್ತಾ ಸಾಗುವ ಈ ಪಟ್ಟಿ. ‘ಲಂಗ’ ಎನ್ನಲು ಮನಸ್ಸಿಲ್ಲ. ಕಾಡಿಗೂ ಸೆರಗಿದೆ, ಊರಿಗೂ ಸೆರಗಿದೆ. ಕಾರಿಗೂ ‘ಸೆರಗು’ ಎನ್ನಬಹುದೇ? ‘ಅಂಚುಪಟ್ಟಿ’ ವಾಸಿಯೇ?

ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ, ಬಸ್ ಚಾಲಕರ ಮಾತಿನಲ್ಲಿ, ವಾಹನ ನೆಲಕ್ಕೆ ಅಂಟಿಕೊಂಡು ಓಡುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಅಂಥ ಪದ ಸಿಕ್ಕರೆ ‘ತಳಸೆಳೆತ’ವನ್ನು ಸಂತೋಷದಿಂದ ಬಿಡುತ್ತೇನೆ.