ರೆಕಾರ್ಡ್ ರೂಮ್ ಕೆಲಸದವರಿಗೆ ಸಂಘದಿಂದ ಉಪಯೋಗ ಇದೆಯಾ?

ಮಂಡ್ಯದಿಂದ: ಕಚೇರಿಯ ರೆಕಾರ್ಡ್ ರೂಮ್ ನೋಡಿಕೊಳ್ಳುತ್ತೇನೆ. ಹಳೇ ಕಡತದ ಕಟ್ಟು ಬಿಚ್ಚಿದರೆ ಗುಂಡುಸೂಜಿ ತುಕ್ಕು ಹಿಡಿದು ಕಾಗದಕ್ಕೇ ಅಂಟಿಕೊಂಡಿರುತ್ತದೆ, ಕೇಳೋಣ ಅಂದರೆ ಈ ಕೆಲಸ ಗೊತ್ತಿರುವವರು ಹತ್ತಿರದಲ್ಲಿ ಯಾರೂ ಇಲ್ಲ. ಹಳೇ ದಾಖಲೆ ನೋಡಿಕೊಳ್ಳುವವರ ವೃತ್ತಿ ಸಂಘಕ್ಕೆ ಸೇರಲಾ?

ಉತ್ತರ 1: ಸೇರಿ ಸರ್. ಇಂಥ ಸಂಘಗಳಲ್ಲಿ ಒಂದಾದ, 1948ರಲ್ಲಿ ಶುರುವಾದ ಅಂತರರಾಷ್ಟ್ರೀಯ ಪತ್ರಾಗಾರ (ಹಳೇ ದಾಖಲೆ ಕಾಪಾಡುವ ಜಾಗ) ಮಂಡಳಿ ಕಡತಗಳನ್ನು ವಿವರಿಸುವ ಪದ್ಧತಿ ರೂಪಿಸಿದೆ, 1996ರಲ್ಲಿ ಈ ಕೆಲಸದವರಿಗೆ ನೀತಿಸಂಹಿತೆಯನ್ನೂ ತಂದಿತು. ಮುಖ್ಯವಾಗಿ, ಬೇರೆ ಬೇರೆ ಶಾಖೆಯ ಕಡತ ಕಲಸಬೇಡಿ, ಬಂದ ಕ್ರಮದಲ್ಲೇ ಇಡಿ.

ಉತ್ತರ 2: ಸೂಜಿ ಸುಮ್ನೆ ಎಳೆಯಬೇಡಿ, ಕಾಗದ ಹರಿಯುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಅಡಿಗೆ ತೂರಿಸಿ ನಿಧಾನವಾಗಿ ಬಿಡಿಸಿ. ಲ್ಯಾಮಿನೇಷನ್ ಬೇಡವೇ ಬೇಡ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಹೋಗಿ ಬನ್ನಿ, ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯೊಂದು ಉಳಿದದ್ದು ಅಲ್ಲೇ ಅಲ್ವಾ. ಹಾಂ, ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಹತ್ತಿಯ ಲಾಡಿ ಸಾಕು.