ಗುಂಡು ‘ನಿಖರ’ವಾಗಿ ಬೀಳುವುದು, ಒತ್ತಾಗಿ ಬೀಳುವುದು: ಎರಡಕ್ಕೂ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ನಾನು ಬಳ್ಳಾರಿಯವನು. ಅಮೆರಿಕದ ಬೇಟೆಗಾರರಲ್ಲಿ ಎಷ್ಟೋ ಜನ ಒಮ್ಮೆ ಹಾರಿಸಿದ ತೋಟೆಗೆ (ಕಾರ್ಟ್ರಿಜ್) ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುತ್ತಾರೆ. ಅದರ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ನಿಷೇಧವಿದೆ, ಸರಿಯೇ. ಆದರೆ ಗುರಿ ಸ್ಪರ್ಧೆಗೆ ಹೋಗುವ ಮಕ್ಕಳು ಇದನ್ನು ಕನ್ನಡದಲ್ಲೇ ಓದುವಂತಾಗಬೇಕು ಅನ್ನುವುದು ನನ್ನ ಆಸೆ.

ಪೇಪರಿನಲ್ಲಿ ಎಲ್ಲದಕ್ಕೂ ‘ಗುಂಡು’ ಎಂದೇ ಬರೆಯುತ್ತಾರೆ. ಹಾರಿಹೋಗುವುದು ಮಾತ್ರ ಗುಂಡು. ಗುಂಡು, ಮದ್ದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಇವನ್ನು ಹಿಡಿದಿಡುವ ಹಿತ್ತಾಳೆ ಗೂಡು, ಎಲ್ಲ ಸೇರಿದರೆ ತೋಟೆ. ನಿಜಾಮರ ಸೀಮೆಯಲ್ಲಿದ್ದ ರಾಯಚೂರು, ಕೊಪ್ಪಳದವರಿಗೆ ಉರ್ದುವಿನ ‘ಕಾರ್ತೂಸ್’ ಹೊಸದಲ್ಲ. 1953ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಬಳ್ಳಾರಿಯವರಿಗೆ ತೆಲುಗಿನ ‘ತೂಟಾ’ ಹತ್ತಿರದ್ದು. ನಾನು ‘ತೋಟೆ’ ಇಟ್ಟುಕೊಂಡಿದ್ದೇನೆ. ಹಿತ್ತಾಳೆ ಗೂಡಿಗೆ ‘ಚಿಪ್ಪು’ ಅನ್ನುತ್ತಿದ್ದೇನೆ. ‘ಕೊಳವೆ’ ಅಂದರೆ ಬಂದೂಕಿನ ನಳಿಗೆ ಅಂದುಕೊಳ್ಳುತ್ತಾರೆ, ಅಲ್ವಾ?

ನಿಜವಾದ ತೊಡಕು ‘ನಿಖರತೆ’ಯದು. ಚಿಪ್ಪುಗಳು ಒಂದೇ ಸಮ ಇದ್ದರೆ ರೈಫಲ್ಲಿನ ನಿಖರತೆ ಹೆಚ್ಚುತ್ತದೆ ಎಂದು ಬರೆದೆ. ಓದಿದವರು ‘ಹಾಗಾದರೆ ಗುಂಡು ನಡುವಿಗೇ ಬೀಳುತ್ತದಾ?’ ಎಂದು ಕೇಳಿದರು. ಇಲ್ಲ. ನಡುವಿಗೆ ತರುವುದು ಗುರಿಕಟ್ಟನ್ನು (ರೈಫಲ್ಲಿನ ಮೇಲೆ ಗುರಿ ನೋಡುವ ಸೈಟ್) ಸರಿಮಾಡುವ ಕೆಲಸ. ಚಿಪ್ಪಿನಿಂದ ಆಗುವುದು ಬೇರೆ. ಹಾರಿಸಿದ ಗುಂಡುಗಳು ಒಂದರ ಪಕ್ಕ ಒಂದು ಒತ್ತಾಗಿ ಬೀಳುತ್ತವೆ. ಆ ಒತ್ತು ಗುರಿಯ ನಡುವಿನಲ್ಲೂ ಇರಬಹುದು, ಮೂಲೆಯಲ್ಲೂ ಇರಬಹುದು.

ಇದು ಯಾಕೆ ಹೀಗೆ? ಹೊರಗಿನಿಂದ ಒಂದೇ ಅಳತೆಯ ಎರಡು ತಂಬಿಗೆ ತಗೊಳ್ಳಿ. ಒಂದರ ತಗಡು ದಪ್ಪ ಇದ್ದರೆ ಅದರಲ್ಲಿ ನೀರು ಕಡಿಮೆ ಹಿಡಿಯುತ್ತದೆ. ಚಿಪ್ಪೂ ಅಷ್ಟೇ. ಮದ್ದಿನ ತೂಕ ಒಂದೇ ಇದ್ದರೂ ಒಳಗಿನ ಜಾಗ ಕಿರಿದಾದರೆ ಒತ್ತಡ ಏರುತ್ತದೆ, ಗುಂಡಿನ ವೇಗವೂ ಏರುತ್ತದೆ. ವೇಗದ ಈ ಏರುಪೇರು 100 ಮೀಟರಿನಲ್ಲಿ ಕಾಣುವುದೇ ಕಷ್ಟ. 500, 600 ಮೀಟರಿಗೆ ಹೋದರೆ ಗುಂಡುಗಳು ಮೇಲೆ ಕೆಳಗೆ ಚದುರುತ್ತವೆ. ಹತ್ತಿರದಿಂದ ಹೊಡೆಯುವ ಬೇಟೆಗಾರ ದಪ್ಪ ಯಾವುದು, ತೆಳು ಯಾವುದು ಅಂತ ಚಿಪ್ಪುಗಳನ್ನು ಒಂದೊಂದಾಗಿ ತೂಗುತ್ತಾ ಕೂರುವುದು ಜಾಸ್ತಿ ಆಯಿತು ಅಂತ ನನಗನಿಸುತ್ತದೆ. ಒಂದೇ ಕಂಪನಿಯ, ಒಂದೇ ಕಂತಿನ ಚಿಪ್ಪು ಆರಿಸಿಕೊಂಡರೆ ಅವನ ಕೆಲಸ ನಡೆಯುತ್ತದೆ.

ಚಿಪ್ಪಿನ ಕುತ್ತಿಗೆ, ಅಂದರೆ ಗುಂಡನ್ನು ಹಿಡಿದಿರುವ ಬಾಯಿಯ ಭಾಗ, ಅದರದ್ದೂ ಇದೇ ಕಥೆ. ಅದರ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಗುಂಡು ಸ್ವಲ್ಪ ವಾರೆಯಾಗಿ ಕೂರುತ್ತದೆ. ಕುತ್ತಿಗೆಯ ಹಿಡಿತ ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ವೇಗವೂ ಹಾಗೇ. 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆ ಹಾರಿಸಿ ಮತ್ತೆ ತುಂಬಿದ ಪ್ರತಿ ಸಲ ಹಿಗ್ಗಿ ಕುಗ್ಗಿ ಗಡುಸಾಗುತ್ತದೆ, ಹಿಡಿತವೂ ಬದಲಾಗುತ್ತದೆ. ಅದಕ್ಕೇ ಕೆಲವರು ಕುತ್ತಿಗೆಯನ್ನಷ್ಟೇ ಕಾಯಿಸಿ ಮೆದು ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ‘ನಿಖರತೆ’ ಎಂದು ಬರೆದರೆ ಓದುಗರಿಗೆ ತಪ್ಪು ದಾರಿ ತೋರಿಸಿದಂತೆ. ‘ನಿಷ್ಕೃಷ್ಟತೆ’ ಅನ್ನಬಹುದು. ಆದರೆ ಅದಕ್ಕೂ ನಿಖರತೆಗೂ ಏನು ವ್ಯತ್ಯಾಸ ಅಂತ ಮತ್ತೆ ವಿವರಿಸಬೇಕು. ನಡುವಿಗೆ ಬೀಳುವುದಕ್ಕೆ ‘ಗುರಿ ಕೂಡುವುದು’, ಒಂದೇ ಕಡೆ ಬೀಳುವುದಕ್ಕೆ ‘ಗುಂಡಿನ ಒತ್ತು’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಒತ್ತು’ ಅಂದ ಕೂಡಲೇ ಒತ್ತಡದ ನೆನಪಾಗಿ ಗೊಂದಲ ಆಗಬಹುದು ಎಂಬ ಅಳುಕಿದೆ. ಕೊಡಗು, ಮಲೆನಾಡಿನ ಕೋವಿ ಮನೆತನದವರು, ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರು, ಪೊಲೀಸ್ ಇಲಾಖೆಯಲ್ಲಿದ್ದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದಾಗ ನೀವು ಬಾಯಿಮಾತಿನಲ್ಲಿ ಏನನ್ನುತ್ತೀರಿ?